ಮಾತಿನ ಚಿಕಿತ್ಸೆಗೆ ವಯೋಮಿತಿ ಹಾಕಿದವರು ಯಾರು?

ಐವತ್ತರ ಆಸುಪಾಸಿನವರ ಮನಸ್ಸು ಬಾಗುವ ಗುಣ ಕಳೆದುಕೊಂಡಿರುತ್ತದೆ, ಅವರಿಗೆ ಮನೋವಿಶ್ಲೇಷಣೆ ಒಗ್ಗುವುದಿಲ್ಲ ಎಂದು ಫ್ರಾಯ್ಡ್ 1905ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಹೇಳಿದ್ದರು. ರೋಗಿಯ ವಯಸ್ಸಿಗಿಂತ ರೋಗದ ವಯಸ್ಸು ಮುಖ್ಯ ಎಂದು ಶಿಷ್ಯ ಕಾರ್ಲ್ ಅಬ್ರಹಾಂ 1919ರಲ್ಲಿ ತಿದ್ದಿದರೂ ಗುರುವಿನ ಮಾತೇ ಬೇರೂರಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2008ರಲ್ಲಿ ಮಾತಿನ ಚಿಕಿತ್ಸೆಯನ್ನು ದೇಶದಾದ್ಯಂತ ಉಚಿತವಾಗಿ ಕೊಡಲು ಹೊರಟದ್ದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಅದಕ್ಕೆ ಹಣ ದೊರಕಿಸಿದ್ದು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಮುಂದಿಟ್ಟ ಲೆಕ್ಕ: ಗುಣವಾದವರು ಕೆಲಸಕ್ಕೆ ಮರಳುತ್ತಾರೆ, ಸರ್ಕಾರಕ್ಕೆ ಭತ್ಯೆ ಉಳಿಯುತ್ತದೆ, ಹಾಕಿದ ಹಣ ಹುಟ್ಟುತ್ತದೆ. ನಿವೃತ್ತರಿಗೆ ಈ ಲೆಕ್ಕದಲ್ಲಿ ಜಾಗವೆಲ್ಲಿ? ಮುಂದೆ ಎಲ್ಲ ವಯಸ್ಸಿನವರಿಗೂ ಸೇವೆ ಎಂದು ಘೋಷಿಸಿದ ಮೇಲೂ, 65 ದಾಟಿದವರು ಅಲ್ಲಿಗೆ ಬರುವುದು ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ತೀರ ಕಡಿಮೆ.

ಫಲ ಕಡಿಮೆಯಾದ್ದರಿಂದ ಹೀಗೆ ಎನ್ನುವಂತಿಲ್ಲ. ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಟ್ಟ 366 ಪ್ರಯೋಗಗಳನ್ನು ಸಂಶೋಧಕ ಪೀಮ್ ಕೈಪರ್ಸ್ ಮತ್ತು ಸಂಗಡಿಗರು 2020ರಲ್ಲಿ ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದಾಗ, ಫಲ ಕಡಿಮೆ ಕಂಡದ್ದು ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ. ನಡುವಯಸ್ಸಿನವರಿಗೂ ವೃದ್ಧರಿಗೂ ಗಣನೀಯ ಅಂತರ ಸಿಗಲಿಲ್ಲ. 75 ದಾಟಿದವರೂ ಹಿಂದೆ ಬೀಳಲಿಲ್ಲ. ಮಾತನಾಡಲು ಮನಸ್ಸಿರುವ ವೃದ್ಧರಷ್ಟೇ ಪ್ರಯೋಗಕ್ಕೆ ಬಂದಿರುತ್ತಾರಲ್ಲ ಎಂಬ ಆಕ್ಷೇಪಣೆ ಗಟ್ಟಿಯಾದದ್ದೇ. ಆದರೆ ಚಿಕಿತ್ಸೆ ಪಡೆದವರಂತೆ ಪಡೆಯದ ಗುಂಪಿನವರೂ ಮನಸ್ಸಿದ್ದೇ ಬಂದವರು. ಎರಡರ ನಡುವಿನ ಅಂತರಕ್ಕೆ ಆ ಮನಸ್ಸು ಕಾರಣವಾಗಲಾರದು. ಮರೆವಿನ ಕಾಯಿಲೆ ಬಲಿತವರಿಗೆ ಬೇರೆ ದಾರಿ ಬೇಕೆನ್ನುವುದನ್ನೂ ಒಪ್ಪೋಣ. ಉಳಿದವರು ತಪ್ಪಿಹೋಗುವುದು ಬಹುಪಾಲು ವೈದ್ಯರ ಕೋಣೆಯಲ್ಲೇ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ನಿದ್ದೆ, ಸುಸ್ತು, ಹಸಿವಿನ ಪ್ರಶ್ನೆಗಳಿವೆ. ಮೂವತ್ತರವರು ನಿದ್ದೆಯಿಲ್ಲ ಎಂದರೆ ಅದು ಲಕ್ಷಣ, ಎಪ್ಪತ್ತರವರು ಅಂದರೆ "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ." ಚೀಟಿಯಲ್ಲಿ ಒಂದು ಮಾತ್ರೆ ಹೆಚ್ಚಾಗುತ್ತದೆ, ಅಷ್ಟೆ.

ನಮ್ಮ ನೆರೆಯ ಗೋವಾದಲ್ಲಿ ನಡೆದ ಕೆಲಸ ಈ ಕಾರಣಕ್ಕೇ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಅಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ, ಖಿನ್ನತೆಯ ಹೊಸ್ತಿಲಲ್ಲಿದ್ದ 60 ದಾಟಿದವರ ಜೊತೆ ಕೂತು ಮಾತನಾಡಿದರು. ಸಿದ್ಧಾಂತದಿಂದ ಶುರುಮಾಡದೆ ನಿದ್ದೆ, ಸಕ್ಕರೆ ಕಾಯಿಲೆ, ಎದುರಿಗಿರುವ ತೊಂದರೆ, ಸರ್ಕಾರದಿಂದ ಸಿಗಬೇಕಾದ ಸವಲತ್ತು ಇವನ್ನೇ ಕೈಗೆತ್ತಿಕೊಂಡರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವರ್ಷದೊಳಗೆ ಖಿನ್ನತೆಗೆ ಜಾರಿದವರು ಈ ಗುಂಪಿನ 91 ಜನರಲ್ಲಿ 4, ಎಂದಿನ ಆರೈಕೆಯಲ್ಲಿದ್ದ 90 ಜನರಲ್ಲಿ 13. ಪ್ರಯೋಗ ಚಿಕ್ಕದು, ಇನ್ನೂ ದೊಡ್ಡದಾಗಿ ನಡೆಯಬೇಕು. ಆದರೂ ಇದರಲ್ಲಿ ಯಾರೂ ಕೆಲಸಕ್ಕೆ ಮರಳುವ ಮಾತೇ ಇರಲಿಲ್ಲ. ವೃದ್ಧರ ಸಂಕಟ ಕಡಿಮೆಯಾಗುವುದನ್ನೇ ಸಾಕಷ್ಟು ದೊಡ್ಡ ಲಾಭವೆಂದು ಎಣಿಸಲಾಗಿತ್ತು.