ಕಾಲೇಜಿನಲ್ಲಿ ಹುಟ್ಟಿದ ಒಂದು ಗಾಯನವೃಂದ: ಗುಣದೋಷವಿಮರ್ಶೆ

ಗಾನವು ಒಂದು ಕಂಠದಿಂದ ಹೊರಟರೂ ಹಲವರ ಸಹಾಯದಿಂದಲೇ ಪೂರ್ಣತೆಯನ್ನು ಪಡೆಯುವುದೆಂಬ ಮಾತು ಪ್ರಾಚೀನ ಲಾಕ್ಷಣಿಕರಿಗೆ ಹೊಸದಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ಪ್ರಕೀರ್ಣಕಾಧ್ಯಾಯದಲ್ಲಿ ‘ವೃಂದ’ವೆಂಬುದರ ಲಕ್ಷಣವನ್ನು ವಿವರಿಸಿರುವನು. 4 ಮಂದಿ ಮುಖ್ಯಗಾಯಕರು, 8 ಮಂದಿ ಸಮಗಾಯಕರು, 12 ಮಂದಿ ಗಾಯಿಕೆಯರು, 4 ಮಂದಿ ಕೊಳಲಿನವರು, 4 ಮಂದಿ ಮೃದಂಗದವರು ಸೇರಿದುದು ಉತ್ತಮವೃಂದ. ಆದರೆ ಆ ಗ್ರಂಥಕಾರನ ಸೂಕ್ಷ್ಮದೃಷ್ಟಿಯು ತಲೆಯೆಣಿಕೆಯಲ್ಲಿ ನಿಲ್ಲಲಿಲ್ಲ. ವೃಂದಕ್ಕೆ 6 ಗುಣಗಳಿರತಕ್ಕದ್ದೆಂದು ಅವನು ವಿಧಿಸುತ್ತಾನೆ. ಮುಖ್ಯನನ್ನು ಅನುಸರಿಸುವುದು, ದನಿಗಳು ಒಂದರೊಳಗೊಂದು ಬೆರೆಯುವುದು, ತಾಳದಲ್ಲಿ ಲೀನವಾಗಿ ನಡೆಯುವುದು, ಒಬ್ಬನಲ್ಲಿ ಕಡಿದುಹೋದುದನ್ನು ಮತ್ತೊಬ್ಬನು ತುಂಬಿಕೊಡುವುದು, ಮಂದ್ರ ಮಧ್ಯ ತಾರಗಳೆಂಬ ಮೂರು ಸ್ಥಾನಗಳನ್ನೂ ವ್ಯಾಪಿಸುವ ಶಕ್ತಿ, ಶಬ್ದಗಳ ಸಾದೃಶ್ಯ, ಇವೇ ಆ ಆರು. ಇವುಗಳಲ್ಲಿ ನಾಲ್ಕನೆಯದು ವಿಶೇಷವಾಗಿ ಮನನೀಯವಾದುದು. ಮಿಕ್ಕ ಐದು ಸಾಧನೆಯಿಂದ ಬರುವುವು. ಅದೊಂದು ಮಾತ್ರ ಸ್ನೇಹದಿಂದ ಬರತಕ್ಕದ್ದು.

ಈ ಶಾಸ್ತ್ರದ ಮಾತನ್ನು ಇಲ್ಲಿ ಎತ್ತಲು ಕಾರಣವುಂಟು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಇಂದು ಅನೇಕ ಮನೆಗಳ ಹುಡುಗರು ಗಿಟಾರನ್ನು ಹೆಗಲಿಗೇರಿಸಿರುವರು. ಕಾಲೇಜಿನ ಗ್ಯಾದರಿಂಗಿನಲ್ಲಿ ನಾಲ್ವರು ಕೂಡಿ ‘ಬ್ಯಾಂಡ್’ ಕಟ್ಟುವರು. ಪದವಿಯ ಪರೀಕ್ಷೆ ಮುಗಿಯುತ್ತಲೆ ಒಬ್ಬನು ಬೆಂಗಳೂರಿಗೂ ಒಬ್ಬನು ಹೈದರಾಬಾದಿಗೂ ತೆರಳಲು, ಬ್ಯಾಂಡು ಬಿಚ್ಚಿಹೋಗುವುದು. ಹಿರಿಯರಾದವರು ಇದನ್ನು ವೃಥಾ ಕೋಲಾಹಲವೆಂದು ಬಗೆದು ಸುಮ್ಮನಾಗುವರು. ಕೋಲಾಹಲವೆಂದ ಮಾತ್ರಕ್ಕೆ ವಿಮರ್ಶೆಯಾಗಲಿಲ್ಲ. ಇಂಥ ಗೆಳೆತನವು ಬಾಳಬಲ್ಲುದೆ, ಬಾಳಿದರೆ ಅದರ ಹಾಡು ನಾಡಿಗೆ ಏನನ್ನು ಉಳಿಸೀತು ಎಂಬೆರಡು ಪ್ರಶ್ನೆಗಳನ್ನು ದೃಷ್ಟಾಂತಪೂರ್ವಕವಾಗಿ ಪರೀಕ್ಷಿಸುವುದು ಯುಕ್ತ.

ರಾಕ್ ಸಂಗೀತದ ತವರಾದ ಅಮೇರಿಕೆಯಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಊರಾದ ಅಥೆನ್ಸಿನಲ್ಲಿ 1980ರಲ್ಲಿ ಆರ್. ಈ. ಎಂ. ಎಂಬ ವೃಂದವು ಹುಟ್ಟಿತು. ಬಿಲ್ ಬೆರಿ, ಪೀಟರ್ ಬಕ್, ಮೈಕ್ ಮಿಲ್ಸ್, ಮೈಕೆಲ್ ಸ್ಟೈಪ್ ಎಂಬ ನಾಲ್ವರು ಒಂದು ನಿಯಮವನ್ನು ಇಟ್ಟುಕೊಂಡರು. ಹಾಡನ್ನು ಯಾರೇ ಮೊದಲು ನೆನೆದಿರಲಿ, ಕರ್ತೃತ್ವವು ನಾಲ್ವರ ಹೆಸರಿನಲ್ಲಿಯೂ ಸಮವಾಗಿ ಬರೆಯಲ್ಪಡುತ್ತಿತ್ತು. ಕೀರ್ತಿಯೂ ಧನವೂ ಸಮಪಾಲಾದಲ್ಲಿ ಕಲಹಕ್ಕೆ ಎಡೆಯೆಲ್ಲಿ? 1997ರಲ್ಲಿ ಬೆರಿಯು ಬಿಟ್ಟುಹೋದ ಮೇಲೂ ಉಳಿದ ಮೂವರು ಮುಂದುವರಿದು, 2011ರಲ್ಲಿ ತಾವಾಗಿಯೇ ಸಮಾಪ್ತಿಯನ್ನು ಸಾರಿದರು. 31 ವರ್ಷಗಳ ಈ ಆಯುಷ್ಯಕ್ಕೆ ಆ ಸಮಪಾಲಿನ ನಿಯಮವು ಒಂದು ಮುಖ್ಯ ಆಧಾರವೆಂದರೆ ತಪ್ಪಾಗಲಾರದು.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ಉದಾಹರಣೆಯು ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ವೃಂದ. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ವಿದ್ಯಾರ್ಥಿಗಳ ಗೆಳೆತನದಲ್ಲಿ ಇದು ಮೊಳೆಯಿತು. ಹೆಸರೇ ಒಂದು ಶ್ಲೇಷೆ. ಮೂಲದಲ್ಲಿ ಮೂವರು ಮಲೆಯಾಳಿಗಳೂ ಕಾಲುಭಾಗ ಮಲೆಯಾಳಿಯಾದ ಒಬ್ಬನೂ ಇದ್ದುದರಿಂದ, ‘ತ್ರೀ ಮಲ್’ ಎಂಬುದನ್ನು ತಿರುಚಿ ಹಾಗೆ ಕರೆದುಕೊಂಡರು. ಗಿಟಾರ್ ನುಡಿಸಿ ಹಾಡುವ ಬ್ರೂಸ್ ಲೀ ಮಣಿ, ಡ್ರಮ್ ಬಾರಿಸುವ ರಾಜೀವ್ ರಾಜಗೋಪಾಲ್ ಇಬ್ಬರೂ ಆದಿಯಿಂದ ಇದ್ದವರು. ಬಾಸ್ ಗಿಟಾರಿನ ಸ್ಥಾನಕ್ಕೆ ಕಾಲಾಂತರದಲ್ಲಿ ಬೇರೆ ಬೇರೆಯವರು ಬಂದರು. 2000ದಲ್ಲಿ ಮೊದಲ ಗೀತಸಂಪುಟವೂ, 2002ರಲ್ಲಿ ‘ಜುಪಿಟರ್ ಕೆಫೆ’ಯೂ, 2005ರಲ್ಲಿ ‘ಪ್ಲಾನ್ ಬಿ’ಯೂ, 2012ರಲ್ಲಿ ಮೂರು ಭಾಗಗಳುಳ್ಳ ‘ಥ್ರೀ ವೀಲ್ಸ್ ನೈನ್ ಲೈವ್ಸ್’ ಎಂಬುದೂ, 2015ರಲ್ಲಿ ‘ನೋ ವಾಲ್ ಟೂ ಹೈ’ಯೂ, 2020ರಲ್ಲಿ ‘ಎ ವರ್ಲ್ಡ್ ಗಾನ್ ಮ್ಯಾಡ್’ ಎಂಬುದೂ ಹೊರಬಂದುವು. ಟಾಕಾಡೆಮಿಯೆಂಬ ಸಂಗೀತಶಾಲೆಯನ್ನೂ ಇವರು ಸ್ಥಾಪಿಸಿದರು. ಕಲಿತ ವಿದ್ಯೆಯನ್ನು ಕಲಿಸುವುದೇ ವಿದ್ಯೆಯ ಋಣಪರಿಹಾರವೆಂದು ಬಲ್ಲವರಿಗೆ, ಗೀತಸಂಪುಟಗಳಿಗಿಂತ ಇದು ಹೆಚ್ಚು ಮೆಚ್ಚಿಕೆಯಾಗದಿರದು.

ಇನ್ನು ಶಾರ್ಙ್ಗದೇವನ ಒರೆಗಲ್ಲಿನಲ್ಲಿ ಈ ವೃಂದವನ್ನು ತೀಡಿ ನೋಡಬಹುದು. ಜಾಜ್, ಬ್ಲೂಸ್, ಫಂಕ್ ಮೊದಲಾದ ಪಾಶ್ಚಾತ್ಯ ರೀತಿಗಳನ್ನು ಇವರು ರಾಕ್‌ನೊಡನೆ ಕಲಸಿರುವರು. ಆ ಕಲಸುವಿಕೆಯಲ್ಲಿ ಗಂಟುಗಳಿಲ್ಲ, ಇದು ಮಿಲನಗುಣ. ಎಣಿಕೆ ಸರಳವಲ್ಲದ ತಾಳಗಳಲ್ಲಿಯೂ ಡ್ರಮ್ಮೂ ಗಿಟಾರೂ ಒಂದೇ ಉಸಿರಿನಿಂದ ನಡೆಯುವುವು. ಇದು ತಾಳದಲ್ಲಿ ಲೀನವಾಗುವ ಗುಣ. ಗಾಯಕನು ಮುಖ್ಯನಾದರೂ ಪಲ್ಲವಿಯ ಬಳಿಕ ವಾದ್ಯಗಳಿಗೆ ಎಡೆಗೊಟ್ಟು ತಾನು ಹಿಂದೆ ಸರಿಯುವನು. ಮುಖ್ಯನನ್ನು ಇತರರು ಅನುಸರಿಸುವಂತೆ ಮುಖ್ಯನೂ ಇತರರನ್ನು ಮನ್ನಿಸುವನು. ನಾಲ್ಕನೆಯ ಗುಣಕ್ಕೆ ಇವರ ಚರಿತ್ರೆಯೇ ಸಾಕ್ಷಿ. ಜತೆಯವರು ಬಿಟ್ಟುಹೋದಾಗಲೆಲ್ಲ ಉಳಿದವರು ಆ ತೆರವನ್ನು ತುಂಬಿ ಹಾಡನ್ನು ನಿಲ್ಲಗೊಡಲಿಲ್ಲ. ಡೀಪ್ ಪರ್ಪಲ್, ಜೆಥ್ರೋ ಟಲ್ ಮೊದಲಾದ ಪರದೇಶದ ಪ್ರಖ್ಯಾತ ವೃಂದಗಳು ಇಲ್ಲಿಗೆ ಬಂದಾಗ ಅವರಿಗಿಂತ ಮುಂಚೆ ವೇದಿಕೆಯೇರಿದ ಗೌರವವು ಇವರಿಗೆ ಸಂದಿತು. ಆದರೆ 1996ರಿಂದ 2020ರವರೆಗೆ 24 ವರ್ಷ ಕಾಲ ಹೊಸತನ್ನು ಹಾಡುತ್ತ ಬಂದುದೇ ಅದಕ್ಕಿಂತ ದೊಡ್ಡ ಗೌರವ.

ಗುಣವನ್ನು ಹೇಳಿದ ನಾಲಗೆಯಿಂದಲೇ ದೋಷವನ್ನೂ ಹೇಳತಕ್ಕದ್ದು. ಅದೇ ಪ್ರಕೀರ್ಣಕಾಧ್ಯಾಯದಲ್ಲಿ ಗೀತಕ್ಕೆ ಎರಡು ಅಂಗಗಳು ಹೇಳಲ್ಪಟ್ಟಿವೆ. ನುಡಿಗೆ ‘ಮಾತು’ವೆಂದೂ ರಾಗಸಂಚಾರಕ್ಕೆ ‘ಧಾತು’ವೆಂದೂ ಹೆಸರು, ಎರಡನ್ನೂ ಬಲ್ಲವನೇ ವಾಗ್ಗೇಯಕಾರ. ಈ ವೃಂದದ ಧಾತುವಿನಲ್ಲಿ ಕೊರತೆಯಿಲ್ಲ. ಮಾತುವಾದರೋ ಬಹುಮಟ್ಟಿಗೆ ಇಂಗ್ಲಿಷು. ತಮ್ಮ ರೀತಿಯನ್ನು ‘ಬೆಂಗಳೂರ್ ರಾಕ್’ ಎಂದು ಇವರು ಕರೆದುಕೊಳ್ಳುವರು; ಬೆಂಗಳೂರಿನ ಬದುಕೇ ಹಾಡುಗಳ ವಸ್ತು. ಆದರೆ ಆ ಬೆಂಗಳೂರಿನ ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಆ ಹಾಡಿನೊಳಗಿನ ಬೆಂಗಳೂರು ಗುರುತಾಗದು. ಇಂಗ್ಲಿಷಿನಲ್ಲಿಯೇ ಕಲಿತು ಇಂಗ್ಲಿಷಿನಲ್ಲಿಯೇ ಮೂದಲಿಸಿ ಮುದ್ದಾಡಿ ಬೆಳೆದ ನಗರದ ಹುಡುಗರಿಗೆ ಅದು ಕೃತಕಭಾಷೆಯಲ್ಲವೆಂಬ ಸಮಾಧಾನವು ಒಪ್ಪತಕ್ಕದ್ದೇ. ತನಗೆ ಸಹಜವಾದುದರಲ್ಲಿ ಹಾಡುವವನನ್ನು ನಿಂದಿಸಲಾಗದು. ಆದರೂ 2012ರ ಸಂಪುಟಕ್ಕೆ ಆಟೋರಿಕ್ಷಾವನ್ನು ವಸ್ತುವಾಗಿ ಆರಿಸಿದಾಗ ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬ ಗೀತವೊಂದು ಹುಟ್ಟಿತೆಂಬುದನ್ನು ಗಮನಿಸಬೇಕು. ಚಾಲಕನು ಬಾಡಿಗೆಯ ಚೌಕಾಸಿಯಲ್ಲಿ ಆಡುವ ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ನುಡಿ ಅದು. ಬೀದಿಯು ಆ ಒಂದು ‘ಮೇಲೆ’ಯಿಂದ ಹಾಡಿನೊಳಗೆ ಕಾಲಿಟ್ಟಿತು. ಕೃತಿಗೆ ‘ಬೆಂಗಳೂರ್’ ಎಂಬ ವಿಶೇಷಣವು ಅನ್ವರ್ಥವಾದುದು ಅಲ್ಲಿಯೇ. ಅಂಥ ಬಾಗಿಲುಗಳು ಇನ್ನೂ ಹಲವು ತೆರೆದಿದ್ದರೆ ಎಂಬ ಆಸೆಯು ಕೇಳುವವನಲ್ಲಿ ಉಳಿಯುವುದು.

ಮಾತುವಿನ ವಿಚಾರದಲ್ಲಿ ಇಷ್ಟು ಹಟವೇಕೆಂದು ಕೇಳುವವರಿಗೆ ಮಸ್ಕಿಯ ಬೆಟ್ಟವೇ ಉತ್ತರವನ್ನು ಕೊಡುವುದು. ಅಶೋಕನು ತನ್ನ ಧರ್ಮದ ಸಂದೇಶವನ್ನು ಆ ಬಂಡೆಯಲ್ಲಿ ಪ್ರಾಕೃತಭಾಷೆಯಲ್ಲಿ ಕೆತ್ತಿಸಿದನು. ದೊಡ್ಡವರಿಗಷ್ಟೇ ಅಲ್ಲದೆ ಸಾಮಾನ್ಯರಿಗೂ ಸಲ್ಲತಕ್ಕ ಸಂದೇಶವದು. ಆದರೆ ಆ ಲಿಪಿಯನ್ನೂ ನುಡಿಯನ್ನೂ ಬಲ್ಲವರು ಇಲ್ಲವಾದ ಮೇಲೆ ಶತಮಾನಗಳ ಕಾಲ ಬಂಡೆಯು ಮೂಕವಾಯಿತು. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನ ಕಣ್ಣಿಗೆ ಬಿದ್ದು, ವಿದ್ವಾಂಸರು ಓದಿದ ಮೇಲೆಯೇ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಲೋಕಕ್ಕೆ ದೃಢಪಟ್ಟಿತು. ಕಲ್ಲು ಉಳಿದರೂ ನುಡಿಯು ಜನರ ಬಾಯಲ್ಲಿ ಉಳಿಯದಿದ್ದಲ್ಲಿ ಬರೆಹದ ಗತಿಯು ಹೀಗಾಗುವುದು. ಗಾಳಿಯಲ್ಲಿ ಬರೆದ ಹಾಡಿನ ಗತಿಯೇನು?

ಈ ಕೊರತೆಯನ್ನು ನೀಗಿದ ಮತ್ತೊಬ್ಬನನ್ನು ಇಲ್ಲಿ ಹೋಲಿಸಿ ನೋಡಬೇಕು. ಮೈಸೂರಿನಲ್ಲಿ ಓದಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ, ಜತೆಗೆ ಭರತನಾಟ್ಯವನ್ನೂ ಸಾಧಿಸಿದ ರಘು ದೀಕ್ಷಿತರು ಮೊದಲು ‘ಅಂತರಾಗ್ನಿ’ಯೆಂಬ ವೃಂದದಲ್ಲಿದ್ದು, ಆಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬುದನ್ನು ಕಟ್ಟಿದರು. 2008ರಲ್ಲಿ ಮೊದಲ ಸಂಪುಟವು ಬಂದಿತು. 1819ರಿಂದ 1889ರವರೆಗೆ ಬಾಳಿದ ಶಿಶುನಾಳ ಷರೀಫರ ತತ್ತ್ವಪದಗಳನ್ನು ಇವರು ಗಿಟಾರಿನೊಡನೆ ಹಾಡಿದರು. ಪಂಚೆಯುಟ್ಟು ಗೆಜ್ಜೆ ಕಟ್ಟಿ, 2010ರಲ್ಲಿ ಇಂಗ್ಲೆಂಡಿನ ಬಿ. ಬಿ. ಸಿ.ಯಲ್ಲಿ ಜೂಲ್ಸ್ ಹಾಲೆಂಡನ ಸಂಗೀತ ಕಾರ್ಯಕ್ರಮಕ್ಕೂ ಹೋಗಿಬಂದರು. ಅಲ್ಲಿಯವರಿಗೆ ನುಡಿಯು ತಿಳಿಯದಿದ್ದರೂ ಧಾತುವು ಮುಟ್ಟಿತು. ಸಿಂಧನೂರಿನ ಕೇಳುಗನಿಗಾದರೆ ಎರಡೂ ಮುಟ್ಟುವುವು. ಆದರೆ ಇಲ್ಲಿಯೂ ಒಂದು ನ್ಯೂನತೆಯುಂಟು. ಇದು ಒಬ್ಬನ ಹೆಸರಿನಲ್ಲಿ ನಿಂತ ಮನೆ. ವಾದಕರು ಬರುವರು, ಹೋಗುವರು. ಮುಖ್ಯನನ್ನು ಅನುಸರಿಸುವ ಮೊದಲನೆಯ ಗುಣವು ತುಂಬಿ ತುಳುಕುವುದು. ಕಡಿದುದನ್ನು ಒಬ್ಬರಿಗೊಬ್ಬರು ತುಂಬಿಕೊಡುವ ನಾಲ್ಕನೆಯದಕ್ಕೆ ಅವಕಾಶವು ಕಡಿಮೆ. ಹೀಗೆ ಒಂದೆಡೆ ಸರಿಯಾದ ವೃಂದವಿದ್ದು ನಾಡನುಡಿಯು ವಿರಳ. ಇನ್ನೊಂದೆಡೆ ನಾಡನುಡಿಯು ಸಮೃದ್ಧವಾಗಿದ್ದು ವೃಂದವು ಶಿಥಿಲ.

ಎರಡೂ ಕೂಡಿದ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಈ ಸೀಮೆಯ ಭಜನಾಮೇಳಗಳನ್ನು ನೋಡಿರಿ. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂಗಳನ್ನಿಟ್ಟುಕೊಂಡು ಕುಳಿತಲ್ಲಿ ಒಬ್ಬನು ಪದದ ನುಡಿಯನ್ನು ಮರೆತರೆ ಪಕ್ಕದವನು ಎತ್ತಿಕೊಳ್ಳುವನು. ಮುದುಕನ ಉಸಿರು ಕಡಿದರೆ ಮೊಮ್ಮಗನು ಮುಂದುವರಿಸುವನು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಮ್ಮಿನಲ್ಲಿ ರಿವಾಯತ ಪದಗಳನ್ನು ಹಾಡುವ ಮೇಳಗಳಲ್ಲಿಯೂ ಇದೇ ಧರ್ಮ. ಅವರಾರೂ ಶಾರ್ಙ್ಗದೇವನನ್ನು ಓದಿದವರಲ್ಲ. ಅವನ ನಾಲ್ಕನೆಯ ಗುಣವು ಅವರಲ್ಲಿ ಶಾಸ್ತ್ರಕ್ಕೆ ಮೊದಲೇ ನೆಲೆಸಿರುವುದು. ಇನ್ನು ನುಡಿಯ ಮಾತಿಗೆ, ಮಾನವಿಯ ಜಗನ್ನಾಥದಾಸರು ಸಂಸ್ಕೃತದಲ್ಲಿ ಪ್ರೌಢ ಪಂಡಿತರಾಗಿದ್ದೂ ಕನ್ನಡದಲ್ಲಿ ಹರಿಕಥಾಮೃತಸಾರವನ್ನು ರಚಿಸಿದರೆಂಬುದು ವಾಚಕರಿಗೆ ವಿದಿತವೇ ಇದೆ. ದೊಡ್ಡ ನುಡಿಯನ್ನು ಅರಗಿಸಿಕೊಂಡವನು ಮನೆಯ ನುಡಿಗೆ ಇಳಿದುಬಂದುದರಿಂದ ವಿದ್ಯೆಗೆ ಕುಂದಾಗಲಿಲ್ಲ, ವಿದ್ಯೆಯೇ ಮನೆಮನೆಗೆ ಬಂದಿತು. ಇಂಗ್ಲಿಷಿನ ಹಾಡನ್ನು ಚೆನ್ನಾಗಿ ಕಲಿತ ತರುಣರಿಗೂ ಆ ದಾರಿಯು ಮುಚ್ಚಿಲ್ಲ.

ಆದಕಾರಣ ಗಿಟಾರನ್ನು ಕಂಡು ಹುಬ್ಬು ಗಂಟಿಕ್ಕುವುದು ಹಿರಿಯರಿಗೆ ತಕ್ಕುದಲ್ಲ. ಹಾರ್ಮೋನಿಯಮ್ಮೂ ಒಂದು ಕಾಲಕ್ಕೆ ಪರದೇಶದಿಂದಲೇ ಬಂದುದು. ಇಂದು ಅದಿಲ್ಲದೆ ಭಜನೆಯೇ ಸಾಗದು. ತರುಣರಾದರೂ ಎರಡನ್ನು ನೆನೆಯಬೇಕು. ಬೆಂಗಳೂರಿನ ಆ ವೃಂದದಿಂದ ಕಲಿಯತಕ್ಕದ್ದು ಅದರ ಅಬ್ಬರವಲ್ಲ, ಬಿಟ್ಟುಹೋದವರ ತೆರವನ್ನು ತುಂಬಿ ಮುಂದೆ ಸಾಗಿದ ಅದರ ಸೈರಣೆ. ಬಿಡತಕ್ಕದ್ದು ಅದರ ಇಂಗ್ಲಿಷನ್ನಲ್ಲ, ನೆರೆಮನೆಯವರಿಗೆ ತಿಳಿಯದಂತೆ ಹಾಡುವ ಆ ದೂರವನ್ನು. ಸಿಂಧನೂರಿನ ಗದ್ದೆಯ ಮಾತೂ ಹಟ್ಟಿಯ ಚಿನ್ನದ ಗಣಿಯ ಮಾತೂ ಯಾವ ಹಾಡಿನಲ್ಲಿ ಕೇಳಿಬರುವುದೋ, ಅದನ್ನು ಹಾಡುವ ನಾಲ್ವರು ಪದವಿಯ ಬಳಿಕ ನಾಲ್ಕು ಊರುಗಳಿಗೆ ಚದರಿದರೂ, ಹಬ್ಬಕ್ಕೆ ಊರಿಗೆ ಬಂದಾಗ ಮತ್ತೆ ಕೂಡುವರು. ಅವರಲ್ಲಿ ಒಬ್ಬನು ಬಾರದೆಹೋದರೆ, ಕೇಳಲು ಕುಳಿತವರಲ್ಲಿಯೇ ಒಬ್ಬನು ಎದ್ದು ಆ ನುಡಿಯನ್ನು ತುಂಬಿಕೊಡುವನು.