ದುಃಖಗೀತೆಗಳೂ ಇತಿಹಾಸದ ಸಾಕ್ಷ್ಯವೂ

ಡಬ್ಲ್ಯು. ಇ. ಬಿ. ಡುಬಾಯ್ಸರ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ (1903) ಗ್ರಂಥದ 14 ಅಧ್ಯಾಯಗಳಲ್ಲಿ ಬಹುವಾಗಿ ಚರ್ಚಿತವಾಗಿರುವುದು ಮೊದಲನೆಯದು. ತನ್ನನ್ನು ತಾನು ಪರರ ಕಣ್ಣಿನಿಂದಲೇ ಕಾಣಬೇಕಾಗಿ ಬಂದ ಕಪ್ಪು ಅಮೆರಿಕನ್ನನ ಇಬ್ಬಗೆಯ ಪ್ರಜ್ಞೆಯ ನಿರೂಪಣೆ ಅಲ್ಲಿದೆ. ನಮಗಾದರೋ ಗ್ರಂಥದ ಸತ್ತ್ವವು ಹತ್ತನೆಯ ಮತ್ತು ಕಡೆಯ ಅಧ್ಯಾಯಗಳಲ್ಲಿದೆಯೆಂದು ತೋರುತ್ತದೆ.

ಗುಲಾಮರ ಧರ್ಮದಲ್ಲಿ ಉಪದೇಶಕ, ಸಂಗೀತ, ಆವೇಶ ಎಂಬ ಮೂರು ಅಂಗಗಳನ್ನು ಅವರು ಗುರುತಿಸುತ್ತಾರೆ. ಚರ್ಚು ಕೇವಲ ಪ್ರಾರ್ಥನಾಸ್ಥಳವಲ್ಲ. ಸಭೆ, ಸಂಘ, ದಾನಧರ್ಮ, ಮನರಂಜನೆ ಎಲ್ಲಕ್ಕೂ ಅದೇ ನೆಲೆ. ಈ ವಿವರಣೆ ಬೆಲೆಯುಳ್ಳದ್ದು. ಆದರೆ ಆವೇಶದ ವರ್ಣನೆಯಲ್ಲಿ ಬೆರಗಿನೊಡನೆ ಅಳುಕೂ ಇದೆ. ಮ್ಯಾಸಚೂಸೆಟ್ಸಿನಲ್ಲಿ ಬೆಳೆದ ಡುಬಾಯ್ಸರು ಅದನ್ನು ಕಂಡದ್ದು ದಕ್ಷಿಣದ ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದಾಗ. ಅಲ್ಲಿ ಅವರು ತಮ್ಮವರನ್ನೇ ಹೊರಗಿನವರಂತೆ ನೋಡುತ್ತಾರೆಂಬುದು ನಮ್ಮ ಆಕ್ಷೇಪ. ಮೊದಲ ಅಧ್ಯಾಯದ ಸಿದ್ಧಾಂತಕ್ಕೆ ಕರ್ತೃವೇ ನಿದರ್ಶನ!

ಕಡೆಯ ಅಧ್ಯಾಯದಲ್ಲಿ ಈ ಅಂತರ ಕರಗುತ್ತದೆ. ಅವರ ಅಜ್ಜನ ಅಜ್ಜಿ ಮಗುವನ್ನು ಆಡಿಸುತ್ತ ಹಾಡುತ್ತಿದ್ದ ಆಫ್ರಿಕದ ಹಾಡೊಂದು ಇನ್ನೂರು ವರ್ಷ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದಿತಂತೆ. ಪದಗಳ ಅರ್ಥ ಯಾರಿಗೂ ತಿಳಿಯದು, ಸಂಗೀತದ ಅರ್ಥ ಮಾತ್ರ ಎಲ್ಲರಿಗೂ ಗೊತ್ತು. ಪ್ರತಿ ಅಧ್ಯಾಯದ ಶಿರೋಭಾಗದಲ್ಲಿಯೂ ಇಂತಹ ದುಃಖಗೀತೆಯೊಂದರ ಸ್ವರಲಿಪಿಯನ್ನು ಸಾಹಿತ್ಯವಿಲ್ಲದೆಯೇ ಅಚ್ಚುಮಾಡಿಸಿದ್ದಾರೆ. ತೋಟದ ಒಡೆಯರ ಲೆಕ್ಕಪುಸ್ತಕಗಳಲ್ಲಿ ಗುಲಾಮನ ಬೆಲೆ ದೊರೆಯುವುದು, ಸ್ವರ ದೊರೆಯದು. ಲಿಖಿತವನ್ನಷ್ಟೇ ದಾಖಲೆಯೆಂದು ಒಪ್ಪುವ ನಮ್ಮ ಪದ್ಧತಿಯನ್ನು ತಿದ್ದಿಕೊಳ್ಳಲೇಬೇಕು. ಆದರೆ ಇಂತಹ ಹಾಡಿನ ಕಾಲನಿರ್ಣಯ ಹೇಗೆಂಬ ಪ್ರಶ್ನೆಗೆ ಈ ಗ್ರಂಥದಲ್ಲಿ ಉತ್ತರವಿಲ್ಲ.