ಮುಖವಾಡ ಇಲ್ಲದವನು

ಬಾಲಮಂಗಳ ಓದಿ ಬೆಳೆದವನು ನಾನು. ಡಿಂಗ ಬಂದ ಅಂದ್ರೆ ಗೆಲ್ಲೋದು ಅವನೇ. ಅದಕ್ಕೇ ಅಲ್ವಾ ಓದ್ತಿದ್ದದ್ದು. ಅದೇ ತಲೆ ಇಟ್ಟುಕೊಂಡು ‘ಬ್ಯಾಟ್‌ಮ್ಯಾನ್: ಇಯರ್ ಒನ್’ ಓದೋಕೆ ಕೂತೆ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಹೀರೋ ತೊಡೆಗೆ ಚಾಕು ಚುಚ್ಚಿಸಿಕೊಂಡು, ಪೊಲೀಸರ ಗುಂಡು ತಿಂದು, ರಕ್ತ ಸುರಿಸುತ್ತಾ ಮನೆ ಸೇರಿದ್ದ.

1987ರಲ್ಲಿ ನಾಲ್ಕು ಸಂಚಿಕೆಗಳಾಗಿ ಬಂದ ಕಥೆ ಇದು. ಬರೆದವರು ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಝುಕೆಲ್ಲಿ, ಬಣ್ಣ ರಿಚ್ಮಂಡ್ ಲೂಯಿಸ್. ಬ್ರೂಸ್ ವೇಯ್ನ್ ಬ್ಯಾಟ್‌ಮ್ಯಾನ್ ಆಗುವ ಮೊದಲ ವರ್ಷ. ಕೊಳೆತ ನಗರ, ಕೊಳೆತ ಪೊಲೀಸ್ ಇಲಾಖೆ, ಎಲ್ಲೆಲ್ಲೂ ಕತ್ತಲು.

ಆ ರಾತ್ರಿಯ ಪುಟಗಳು ಅಪ್ಪಟ ಹಾರರ್. ಸತ್ತ ಅಪ್ಪನ ಪ್ರತಿಮೆಯ ಎದುರು ಬ್ರೂಸ್ ಕುಸಿದು ಕೂತಿದ್ದಾನೆ. ಕೈಯಲ್ಲಿ ಗಂಟೆ. ಬಾರಿಸಿದರೆ ಆಲ್ಫ್ರೆಡ್ ಓಡಿ ಬರ್ತಾನೆ, ಜೀವ ಉಳಿಯುತ್ತೆ. ಬಾರಿಸಲ್ಲ. ಆಗ ಕಿಟಕಿ ಒಡೆದುಕೊಂಡು ಬಾವಲಿಯೊಂದು ಒಳಗೆ ನುಗ್ಗುತ್ತೆ. ನಮ್ಮೂರ ಹುಣಸೆಮರದ ದೆವ್ವವನ್ನು ಕಂಡವರು ಯಾರೂ ಇರಲಿಲ್ಲ, ಆದ್ರೂ ಕತ್ತಲಾದ ಮೇಲೆ ಯಾರೂ ಆ ಕಡೆ ಸುಳೀತಿರಲಿಲ್ಲ. ಬ್ರೂಸ್‌ಗೆ ಹೊಳೆದದ್ದೂ ಇಷ್ಟೇ: ಹೊಡೆಯೋದಕ್ಕಿಂತ ಮೊದಲು ಹೆದರಿಸಬೇಕು.

ಆದರೆ ಪುಸ್ತಕ ಮುಚ್ಚಿದ ಮೇಲೆ ನನ್ನ ಬೆನ್ನು ಬಿಡದವನು ಅವನಲ್ಲ, ಜೇಮ್ಸ್ ಗಾರ್ಡನ್. ಬೇರೆ ಊರಿಂದ ವರ್ಗವಾಗಿ ಬಂದ ಲೆಫ್ಟಿನೆಂಟ್. ಹೆಂಡತಿ ಬಸುರಿ, ಸಹೋದ್ಯೋಗಿಗಳು ಲಂಚಕೋರರು, ಕಮಿಷನರ್ ಅವರಿಗಿಂತ ದೊಡ್ಡವನು. ಗಾರ್ಡನ್‌ಗೆ ಬಂಗಲೆ ಇಲ್ಲ, ಮುಖವಾಡವೂ ಇಲ್ಲ. ಬೆಳಗಾದರೆ ಅದೇ ಆಫೀಸಿಗೆ, ಅವನದೇ ಮುಖ ಹೊತ್ತು ಹೋಗಬೇಕು.

ಹಿಂದೊಂದು ಕೆಲಸದಲ್ಲಿ, ಫೇಲ್ ಆದ ಟೆಸ್ಟ್‌ಗಳನ್ನ ಕ್ಲೈಂಟ್‌ಗೆ ಪಾಸ್ ಅಂತ ತೋರಿಸಿದ ದಿನ ನಾನೂ ಆ ಕಾಲ್‌ನಲ್ಲಿದ್ದೆ. ಮ್ಯೂಟ್‌ನಲ್ಲಿದ್ದೆ. ಊರಲ್ಲಿ ಅಪ್ಪನ ಸಾಲ ಇತ್ತು ಅಂತ ಇವತ್ತಿಗೂ ಸಮಾಧಾನ ಹೇಳಿಕೊಳ್ತೀನಿ. ಅದಕ್ಕೇ ಗಾರ್ಡನ್ ಚುಚ್ಚುತ್ತಾನೆ.

ಅವನೇನು ದೇವರಲ್ಲ. ಸಹೋದ್ಯೋಗಿ ಸಾರಾ ಜೊತೆ ಸಂಬಂಧ ಬೆಳೆಸ್ತಾನೆ. ಅದನ್ನೇ ಹಿಡಿದು ಕಮಿಷನರ್ ಬಾಯಿ ಮುಚ್ಚಿಸೋಕೆ ನೋಡಿದಾಗ, ತಾನೇ ಹೆಂಡತಿಗೆ ಹೇಳಿಬಿಡ್ತಾನೆ. ಅಲ್ಲಿಗೆ ಬೆದರಿಕೆಯ ಹಲ್ಲು ಉದುರಿತು. ಇಡೀ ಪುಸ್ತಕದ ದೊಡ್ಡ ಸಾಹಸ ನನ್ನ ಲೆಕ್ಕದಲ್ಲಿ ಇದೇ.

ತಕರಾರೂ ಇದೆ. ಹೆಂಡತಿ ಬಾರ್ಬರಾ ಒಳಗೆ ಏನು ನಡೀತು ಅನ್ನೋದರ ಕಡೆ ಮಿಲ್ಲರ್ ಗಮನವೇ ಕೊಟ್ಟಿಲ್ಲ. ಕ್ಯಾಟ್‌ವುಮನ್ ಆಗುವ ಸೆಲೀನಾ ಕಥೆಯಂತೂ ಅರ್ಧಕ್ಕೇ ನಿಂತಂತಿದೆ. ಕೆಟ್ಟ ಪೊಲೀಸನನ್ನು ಗಾರ್ಡನ್ ಬಡಿದು ಹಾಕುವಾಗ ನಾವು ಚಪ್ಪಾಳೆ ತಟ್ಟಬೇಕು ಅಂತ ಪುಸ್ತಕ ಬಯಸುತ್ತೆ. ನಾನೂ ತಟ್ಟಿದೆ. ಆಮೇಲೆ ಮುಜುಗರ ಆಯ್ತು.

ಕೊನೆಗೆ ಸೇತುವೆ ಮೇಲಿಂದ ಬೀಳುವ ಗಾರ್ಡನ್‌ನ ಕೂಸನ್ನು ಬ್ರೂಸ್ ಹಿಡೀತಾನೆ, ಮುಖವಾಡ ಇಲ್ಲದೆ. ಗಾರ್ಡನ್ ಎದುರಿಗೇ ಇದ್ದಾನೆ. ಕನ್ನಡಕ ಇಲ್ಲ, ಏನೂ ಕಾಣ್ತಿಲ್ಲ ಅಂತಾನೆ. ನಿಜವೋ ಸುಳ್ಳೋ ಪುಸ್ತಕ ಹೇಳಲ್ಲ. ಅವತ್ತು ಅವನು ಕಾಣದಂತೆ ಇದ್ದದ್ದು ಮಗುವಿನ ಜೀವ ಉಳಿಸಿದವನಿಗಾಗಿ. ನಾನು ಮ್ಯೂಟ್‌ನಲ್ಲಿದ್ದದ್ದು ಯಾರಿಗಾಗಿ?